‘ನಿತ್ಯೋತ್ಸವ’ದ ಮೂರನೆಯ ಚರಣ

ಕನ್ನಡ ಕಾವ್ಯವನ್ನು ಕಣ್ಣಿನಿಂದ ಓದಿದವರಿಗಿಂತ ಕಿವಿಯಿಂದ ಕೇಳಿದವರ ಸಂಖ್ಯೆಯೇ ಎಂದಿಗೂ ದೊಡ್ಡದು. ಕುಮಾರವ್ಯಾಸನನ್ನು ಹಳ್ಳಿಯ ಜಗಲಿಗೆ ತಂದವರು ಗಮಕಿಗಳು. ದಾಸರ ಪದ, ಲಾವಣಿ, ಸೋಬಾನೆ ಇವೆಲ್ಲ ಬಾಯಿಂದ ಬಾಯಿಗೆ ನಡೆದು ಬಂದವು. ಅಚ್ಚಿನ ಯಂತ್ರ ಬಂದು, ನವೋದಯದ ಭಾವಗೀತೆ ಪುಸ್ತಕವಾಗಿ ಕೈಗೆ ಸಿಕ್ಕ ಮೇಲೆ ಕವಿತೆಗೂ ಕಿವಿಗೂ ಇದ್ದ ಈ ನಂಟು ತುಸು ಸಡಿಲವಾಯಿತು. ಅದನ್ನು ಮತ್ತೆ ಬಿಗಿದ ಒಂದು ಸಣ್ಣ ವಸ್ತುವಿನ ವಿಚಾರವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಅದು ಅಂಗೈಯಗಲದ್ದು, ಜೇಬಿನಲ್ಲಿ ಹಿಡಿಯುವಂಥದು: 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ಎಂಬ ಧ್ವನಿಸುರುಳಿ. ಕವಿತೆಗಳು ಕೆ.ಎಸ್. ನಿಸಾರ್ ಅಹಮದ್ ಅವರವು. ರಾಗಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಕನ್ನಡ ಭಾವಗೀತೆಗಳ ಮೊಟ್ಟಮೊದಲ ಧ್ವನಿಸುರುಳಿ ಎಂದು ಅದು ಪ್ರಸಿದ್ಧವಾಗಿದೆ.

ಇದಕ್ಕೆ ಮುಂಚೆ ಕವಿತೆಯನ್ನು ಹಾಡುವವರೇ ಇರಲಿಲ್ಲವೆಂದು ಅರ್ಥವಲ್ಲ. ಬೇಂದ್ರೆಯವರು ತಮ್ಮ ಪದ್ಯವನ್ನು ತಾವೇ ನುಡಿಯುತ್ತಿದ್ದ ಬಗೆ ಒಂದು ದಂತಕಥೆ. ಹುಯಿಲಗೋಳ ನಾರಾಯಣರಾಯರ ನಾಡಹಾಡು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಸಭೆಯಲ್ಲಿ, ಮೊಳಗಿತು. ಪಾಂಡೇಶ್ವರದ ಪಿ. ಕಾಳಿಂಗರಾಯರು ತಮ್ಮ ತುಂಬುಕಂಠದಲ್ಲಿ ಕುವೆಂಪು, ಬೇಂದ್ರೆಯವರನ್ನು ಊರೂರಿಗೆ ಕೊಂಡೊಯ್ದರು. ಅವರೊಂದಿಗೆ ಮೋಹನಕುಮಾರಿ, ಸೋಹನಕುಮಾರಿಯರು ದನಿಗೂಡಿಸಿದರು. ಸುಗಮ ಸಂಗೀತವೆಂಬ ಹೆಸರು ನೆಲೆಗೊಳ್ಳುವ ಮುಂಚಿನಿಂದಲೇ ಅದರ ಕೆಲಸವನ್ನು ಕಾಳಿಂಗರಾಯರು ಮಾಡಿದರು. ಇನ್ನು ಬಾನುಲಿ. ಆಕಾಶವಾಣಿ ಎಂಬ ಹೆಸರೇ 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ನಡೆಸಿದ ನಿಲಯದ್ದಲ್ಲವೆ? ನಮ್ಮ ಭಾಗಕ್ಕೆ ಭದ್ರಾವತಿಯ ನಿಲಯ 1965ರಲ್ಲಿ ಬಂತು. ಅದರಿಂದಾಚೆಗೆ ಭಾವಗೀತೆ ನಮ್ಮ ಮನೆಗಳ ಸಮಯಸೂಚಿಯಲ್ಲಿ ಸೇರಿಹೋಯಿತು.

ಆದರೆ ಸಭೆಯ ಹಾಡು ಸಭೆಯೊಂದಿಗೆ ಮುಗಿಯುತ್ತದೆ. ಬಾನುಲಿಯ ಹಾಡು ನಿಲಯದವರು ಹಾಕಿದಾಗ ಬರುತ್ತದೆ. ನಾವು ಒಲೆಯ ಮುಂದೆಯೋ ಹೊಲದಲ್ಲೋ ಇದ್ದರೆ ತಪ್ಪಿಹೋಗುತ್ತದೆ. ಎಪ್ಪತ್ತೆಂಟು ಸುತ್ತಿನ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ. ಅದೂ ಅಂದಿನ ದಿನಗಳಲ್ಲಿ ಕಾಸುಳ್ಳವರ ಮನೆಯ ಅಲಂಕಾರ. ಧ್ವನಿಸುರುಳಿ ಇವೆರಡರಂತಲ್ಲ. ಫಿಲಿಪ್ಸ್ ಸಂಸ್ಥೆಯವರು 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ ಕೇಳುವವನಿಗೆ ಒಂದು ಹೊಸ ಅಧಿಕಾರವನ್ನು ಕೊಟ್ಟಿತು. ಬೇಕಾದಾಗ ಹಾಕಬಹುದು, ನಿಲ್ಲಿಸಬಹುದು, ಹಿಂದಕ್ಕೆ ಸುತ್ತಿ ಅದೇ ಸಾಲನ್ನು ಹತ್ತು ಸಲ ಕೇಳಬಹುದು. ಪದ್ಯವನ್ನು ಕಂಠಪಾಠ ಮಾಡುವವನಿಗೆ ಇದಕ್ಕಿಂತ ಹೆಚ್ಚಿನ ಮೇಷ್ಟ್ರು ಬೇಕೆ? ಇನ್ನೊಂದು ವಿಶೇಷವೂ ಉಂಟು. ಸುರುಳಿಯ ಎರಡು ಮಗ್ಗುಲು ತುಂಬ ಒಬ್ಬನೇ ಕವಿ. ಅಲ್ಲಿಯವರೆಗೆ ಕಚೇರಿಯಲ್ಲಿ ಕುವೆಂಪು ಒಂದು, ಬೇಂದ್ರೆ ಒಂದು, ಪು.ತಿ.ನ. ಒಂದು ಎಂದು ಬೆರಕೆಯಾಗಿ ಕೇಳಿದ್ದ ನಮ್ಮ ಕಿವಿಗೆ ಒಂದು ಕವಿತಾಸಂಕಲನವನ್ನು ಪುಸ್ತಕ ಓದಿದಂತೆ ಕೂತು ಕೇಳುವ ಅಭ್ಯಾಸ ಆಗ ಮೊದಲಾಯಿತು.

ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ. ಬೆಂಗಳೂರು–ಹುಬ್ಬಳ್ಳಿ ರೈಲುದಾರಿಯ ಊರು, ಈರುಳ್ಳಿಯ ಊರು, ಅಮೃತಮಹಲ್ ದನಗಳ ಊರು. ಈರುಳ್ಳಿ ವ್ಯಾಪಾರದ ಒಂದು ಮನೆಗೆ ಕೊಲ್ಲಿ ನಾಡಿನ ನೆಂಟರು ತಂದುಕೊಟ್ಟ ‘ಟೂ ಇನ್ ಒನ್’ ಒಂದಿತ್ತು. ಬಾನುಲಿಯೂ ಅದೇ, ಧ್ವನಿಸುರುಳಿ ಯಂತ್ರವೂ ಅದೇ. ನಾನು ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದವನು ರಜೆಯಲ್ಲಿ ಊರಿಗೆ ಬಂದಾಗ ಸಂಜೆ ಆ ಮನೆಯ ಜಗಲಿಯ ಮೇಲೆ ಹತ್ತಾರು ಜನ ಕೂಡುತ್ತಿದ್ದುದನ್ನು ಕಂಡೆ. ನಮ್ಮಮ್ಮ ನಾಲ್ಕನೆಯ ತರಗತಿಗೆ ಓದು ನಿಲ್ಲಿಸಿದವಳು. ನಿಸಾರರ ಪುಸ್ತಕವನ್ನು ಅವಳು ಕಂಡವಳಲ್ಲ. ಎರಡು ರಜೆ ಕಳೆಯುವಷ್ಟರಲ್ಲಿ ‘ನಿತ್ಯೋತ್ಸವ’ವನ್ನು ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಪೂರ್ತಿಯಾಗಿ ಗುನುಗುತ್ತಿದ್ದಳು. ಕನ್ನಡ ಎಂ.ಎ.ಗೆ ಕೂರಲು ಸಿದ್ಧನಾಗುತ್ತಿದ್ದ ಮಗನಿಗೆ ಇನ್ನೂ ಎರಡು ಚರಣ ಮಾತ್ರ ಬರುತ್ತಿತ್ತು ಎಂಬುದು ಬೇರೆ ಮಾತು.

ಆ ಸುರುಳಿಯ ಒಂದು ಪ್ರತಿ ನನ್ನ ಬಳಿ ಉಳಿದಿದೆ. ಸುರುಳಿ ಸಡಿಲವಾಗಿದ್ದುದನ್ನು ಪೆನ್ಸಿಲ್ ತೂರಿಸಿ ಬಿಗಿಮಾಡಿ, ಪರಿಚಿತರೊಬ್ಬರ ಹಳೆಯ ಯಂತ್ರದಲ್ಲಿ ಈಚೆಗೆ ಮತ್ತೆ ಹಾಕಿ ಕೇಳಿದೆ. ನಡುನಡುವೆ ದನಿ ಮಂಕಾಗುತ್ತದೆ, ಒಂದೆಡೆ ಅಲೆಯುತ್ತದೆ. ಆದರೂ ನಲವತ್ತೈದಕ್ಕೂ ಹೆಚ್ಚು ವರ್ಷಗಳ ತರುವಾಯ, ಅದೂ ಛಂದಸ್ಸು ವ್ಯಾಕರಣಗಳನ್ನು ಮೂರು ದಶಕ ಪಾಠ ಹೇಳಿದ ಮೇಲೆ, ಅದನ್ನು ಕೇಳಿದರೆ ಹರೆಯದಲ್ಲಿ ಕೇಳದೆ ಹೋದದ್ದು ಕೇಳಿಸುತ್ತದೆ. ಶೀರ್ಷಿಕೆಗೀತೆಯೊಂದನ್ನೇ ಹಿಡಿದು ಆ ವಿಚಾರವನ್ನು ವಿವರಿಸುತ್ತೇನೆ.

ಮೊದಲು ಇಬ್ಬರು ಕರ್ತೃಗಳ ಪರಿಚಯ. ನಿಸಾರರೂ ಅನಂತಸ್ವಾಮಿಯವರೂ ಒಂದೇ ವರ್ಷ, 1936ರಲ್ಲಿ ಹುಟ್ಟಿದವರು. ದೇವನಹಳ್ಳಿಯ ನಿಸಾರ್ ಅಹಮದ್ ಓದಿದ್ದು ಭೂವಿಜ್ಞಾನ, ಕಲಿಸಿದ್ದೂ ಅದನ್ನೇ. ಬೆಂಗಳೂರು, ಚಿತ್ರದುರ್ಗಗಳಲ್ಲದೆ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿಯೂ ಅವರು ಶಿಲೆ ಖನಿಜಗಳ ಪಾಠ ಹೇಳಿದರು. ನಾನು ಶಿವಮೊಗ್ಗಕ್ಕೆ ಹೋಗುವ ವೇಳೆಗೆ ಅವರು ಅಲ್ಲಿಂದ ಹೊರಟಾಗಿತ್ತು. 1960ರ ‘ಮನಸು ಗಾಂಧಿಬಜಾರು’ವಿನಿಂದ ಅವರ ಕಾವ್ಯಯಾತ್ರೆ ಆರಂಭವಾಗುತ್ತದೆ. ನವ್ಯದ ಸೊಲ್ಲು, ನಗರದ ಮನಸ್ಸು, ವ್ಯಂಗ್ಯದ ಮೊನೆ ಇವು ಅವರ ಮೊದಲ ಗುಣಗಳು. ‘ಸಂಜೆ ಐದರ ಮಳೆ’ 1970ರಲ್ಲಿ ಬಂತು, ‘ನಾನೆಂಬ ಪರಕೀಯ’ 1972ರಲ್ಲಿ. ನಾಡು 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಪಡೆದ ಮೂರು ವರ್ಷದ ಮೇಲೆ, 1976ರಲ್ಲಿ, ‘ನಿತ್ಯೋತ್ಸವ’ ಸಂಕಲನ. ಅನಂತಸ್ವಾಮಿಯವರ ವಿಷಯದಲ್ಲಿ ಹೇಳಬೇಕಾದ ಮುಖ್ಯ ಮಾತು ಇದು: ರಾಜರತ್ನಂ ಅವರ ರತ್ನನ ಪದಗಳಿಗೆ ಹಾಡಿನ ಮೈಕಟ್ಟು ಕೊಟ್ಟ ಅವರು ಪದ್ಯದ ನಡೆಯನ್ನು ಕೇಳಿಸಿಕೊಂಡ ಮೇಲೆ ರಾಗ ಹಾಕುವ ಜಾತಿಯವರು. ರಾಗಕ್ಕಾಗಿ ಮಾತನ್ನು ತುಂಡರಿಸಿದವರಲ್ಲ.

ಆ ಪದ್ಯದ ನಡೆ ಆರು ಮಾತ್ರೆಯ ಗಣದ್ದು. ಸಾಲಿಗೆ ಎರಡು ಗಣ, ಹನ್ನೆರಡು ಮಾತ್ರೆ, ಎಲ್ಲಿಯೂ ಎಡವುವುದಿಲ್ಲ. ನವ್ಯದ ಕವಿ, ಲಯವನ್ನು ಬೇಕೆಂದೇ ಮುರಿದು ಬರೆಯಬಲ್ಲವರು, ಇಲ್ಲಿ ಹಳೆಯ ಷಣ್ಮಾತ್ರೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ್ದು ಆಕಸ್ಮಿಕವಲ್ಲ. ಹತ್ತು ಜನ ಕೂಡಿ ಹೇಳಬೇಕಾದ ಪದ್ಯಕ್ಕೆ ಎಲ್ಲರ ಹೆಜ್ಜೆಯೂ ಒಂದೇ ಕಡೆ ಬೀಳಬೇಕು. ವ್ಯಾಕರಣದ ಕಟ್ಟನ್ನು ಗಮನಿಸಿದರೆ ಇನ್ನಷ್ಟು ಸ್ವಾರಸ್ಯವಿದೆ. ಮೊದಲ ಚರಣದ ಸಾಲುಗಳೆಲ್ಲ ಸಪ್ತಮಿ ವಿಭಕ್ತಿಯಲ್ಲಿ ಮುಗಿಯುತ್ತವೆ. ಅಲ್ಲಿ, ಅಲ್ಲಿ, ಅಲ್ಲಿ ಎಂದು ಒಂದೊಂದೇ ಸ್ಥಳವನ್ನು ತೋರಿಸುತ್ತ ಹೋಗುವ ಕವಿ, ಏನು ಅಲ್ಲಿ ಎಂಬುದನ್ನು ಪಲ್ಲವಿ ಬರುವವರೆಗೆ ಹೇಳುವುದಿಲ್ಲ. ಪಲ್ಲವಿಯಲ್ಲಿಯೂ ಕ್ರಿಯಾಪದವಿಲ್ಲ, ಒಂದು ನಾಮಪದ, ಒಂದು ಚತುರ್ಥಿ, ತಾಯಿಯನ್ನು ಕರೆಯುವ ಒಂದು ಕರೆ, ಅಷ್ಟೇ. ಉತ್ಸವ ನಡೆಯಿತು, ನಡೆಯುತ್ತದೆ, ನಡೆಯಲಿ ಎಂಬ ಕಾಲಭೇದವೇ ಅಲ್ಲಿಲ್ಲ. ‘ನಿತ್ಯ’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವಾಕ್ಯರಚನೆಯನ್ನು ನಾನು ಕಾಣೆ.

ಮೊದಲ ಚರಣ ಭೂಗೋಳ. ಜೋಗ, ತುಂಗೆ, ಸಹ್ಯಾದ್ರಿ, ತೇಗ, ಗಂಧ. ನಾಡಗೀತಗಳಲ್ಲಿ ನದಿ, ಪರ್ವತ, ವೃಕ್ಷ ಬರುವುದು ಸಂಪ್ರದಾಯವೇ. ಆದರೆ ಸಹ್ಯಾದ್ರಿಯನ್ನು ಹೆಸರಿಸುವ ಜಾಗದಲ್ಲಿ ನಿಸಾರರು ಅದರ ಹಸಿರನ್ನಾಗಲಿ ಮುಗಿಲನ್ನಾಗಲಿ ಮೊದಲು ನೆನೆಯುವುದಿಲ್ಲ. ಅದರ ಒಡಲಿನ ಲೋಹದ ಅದಿರನ್ನು ನೆನೆಯುತ್ತಾರೆ. ಬೆಟ್ಟವನ್ನು ಕಂಡೊಡನೆ ಅದರೊಳಗೆ ಏನಿದೆ ಎಂದು ಕೇಳುವವನು ಭೂವಿಜ್ಞಾನಿ. ಕಾಡನ್ನು ಕುರಿತು ಹೇಳುವಾಗಲೂ ನಿತ್ಯಹರಿದ್ವರ್ಣವೆಂಬ ಪಾಠದ ಪುಸ್ತಕದ ಮಾತನ್ನೇ ಹಾಡಿಗೆ ಒಗ್ಗಿಸುತ್ತಾರೆ. ನಮ್ಮ ಸೀಮೆಯವರಿಗೆ ಈ ಅದಿರು ಅಲಂಕಾರವಲ್ಲ. ತರೀಕೆರೆಯ ಮೇಲಿನ ಕೆಮ್ಮಣ್ಣುಗುಂಡಿಯ ಹೆಸರೇ ಕೆಂಪು ಮಣ್ಣಿನ ಗುಂಡಿ. ವಿಶ್ವೇಶ್ವರಯ್ಯನವರ ಆಸ್ಥೆಯಿಂದ ಆರಂಭವಾಗಿ 1923ರಿಂದ ಉತ್ಪಾದನೆಗೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಇಳಿದುಬರುತ್ತಿದ್ದುದು ಈ ಬೆಟ್ಟಗಳಿಂದ. ನಮ್ಮ ಮನೆಗಳಲ್ಲಿ ‘ಕಾರ್ಖಾನೆ’ ಎಂದರೆ ಅದೊಂದೇ. ನನ್ನ ಸೋದರಮಾವಂದಿರಿಬ್ಬರು ಅಲ್ಲಿಯೇ ದುಡಿದು ನಿವೃತ್ತರಾದರು. ಹಾಡಿನಲ್ಲಿ ಆ ಸಾಲು ಬಂದಾಗ ಅವರಲ್ಲೊಬ್ಬರು ತಲೆದೂಗುತ್ತಿದ್ದುದು ರಾಗಕ್ಕಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಂದಿನ ಸಾಮಾನ್ಯ ಧ್ವನಿಸುರುಳಿಯ ಪಟ್ಟಿಯ ಮೇಲೆ ಸವರಿರುವ ಕಂದುಬಣ್ಣದ ಲೇಪವೂ ಕಬ್ಬಿಣದ ಆಕ್ಸೈಡೇ, ಎಂದರೆ ಒಂದು ಬಗೆಯ ತುಕ್ಕು. ಅದಿರಿನ ಹಾಡು ತುಕ್ಕಿನ ಮೇಲೆ ದಾಖಲಾಗಿ ನಮ್ಮ ಮನೆಗೆ ಬಂತು. ಭೂವಿಜ್ಞಾನದ ಮೇಷ್ಟ್ರಿಗೆ ಇದು ತಿಳಿಯದ ವಿಷಯವೇನಲ್ಲ.

ಎರಡನೆಯ ಚರಣ ಇತಿಹಾಸ. ಸಿಂಹಾಸನಗಳು, ಶಾಸನಗಳು, ಓಲೆಗರಿ, ದೇಗುಲದ ಗೋಡೆ. ಇಲ್ಲಿಯೂ ಎಲ್ಲ ಸಪ್ತಮಿಯೇ. ಇದನ್ನು ಹೆಚ್ಚು ಬೆಳೆಸುವುದಿಲ್ಲ. ಒಂದೇ ಒಂದು ಪ್ರತ್ಯಕ್ಷ ನಿದರ್ಶನ ಸಾಕು. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯವಿದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ್ದು. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ, ‘ಯಶೋಧರ ಚರಿತೆ’ಯ ಕರ್ತೃ. ಒಂದೇ ಆವರಣದಲ್ಲಿ ಗುಡಿಯ ಭಿತ್ತಿಯೂ ಶಾಸನವೂ ಕಾವ್ಯವೂ ಕೂಡಿರುವುದನ್ನು ಕಾಣಬೇಕೆಂದವರು ಅಲ್ಲಿಗೆ ಹೋಗಬಹುದು.

ಜನ್ನನ ಹೆಸರು ಬಂದದ್ದು ಒಳ್ಳೆಯದೇ ಆಯಿತು. ಮೂರನೆಯ ಚರಣವನ್ನು ವಿವರಿಸಲು ನನಗೆ ಬೇಕಾದವನು ಅವನ ಸೋದರಳಿಯ, ‘ಶಬ್ದಮಣಿದರ್ಪಣ’ದ ಕೇಶಿರಾಜ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು ಎಂಬುದು ನಮ್ಮ ವ್ಯಾಕರಣದ ಲೆಕ್ಕ. ಪ್ಲುತ ಬರುವುದು ಮುಖ್ಯವಾಗಿ ದೂರದಲ್ಲಿರುವವರನ್ನು ಕೂಗಿ ಕರೆಯುವಾಗ. ಹೊಲದ ಆಚೆಬದುವಿನಲ್ಲಿರುವ ಮಗನನ್ನು ತಾಯಿ ಕೂಗುವಾಗ ಹೆಸರಿನ ಕೊನೆಯ ಅಕ್ಷರ ಎಷ್ಟು ಉದ್ದವಾಗುತ್ತದೆಂಬುದನ್ನು ನೆನಪಿಸಿಕೊಳ್ಳಿ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರನೆಯ ಚರಣಕ್ಕೆ ಬನ್ನಿ. ಅಲ್ಲಿ ಸಪ್ತಮಿ ಥಟ್ಟನೆ ನಿಂತುಹೋಗುತ್ತದೆ. ಸಾಲುಗಳ ಕೊನೆಯಲ್ಲಿ ಈಗ ಸಂಬೋಧನೆ. ಇದುವರೆಗೆ ಸ್ಥಳಗಳನ್ನು ತೋರಿಸುತ್ತಿದ್ದ ಕವಿ ಈಗ ತಿರುಗಿ ನಾಡಿನ ಮುಖಕ್ಕೆ ನೇರವಾಗಿ ನಿಂತು ಅದನ್ನು ಕರೆಯುತ್ತಾನೆ. ಗಣವೂ ಬದಲಾಗುತ್ತದೆ. ಕರೆಯ ಪದದಲ್ಲಿ ಆರರ ಬದಲು ನಾಲ್ಕೇ ಮಾತ್ರೆ. ಎರಡು ಮಾತ್ರೆ ಖಾಲಿ. ಹಾಡುವವರು ಆ ಕೊನೆಯ ಎಕಾರವನ್ನು ಎಳೆಯಲೇಬೇಕು. ಒಂದು ಮಾತ್ರೆಯ ಹ್ರಸ್ವ ಮೂರು ಮಾತ್ರೆಯ ಪ್ಲುತವಾದರೆ ಗಣ ಸರಿಯಾಗಿ ತುಂಬುತ್ತದೆ. ಓದುವ ಕಣ್ಣಿಗೆ ಇದು ಛಂದಸ್ಸಿನ ಕೊರತೆಯೆಂದು ತೋರೀತು. ಹಾಡುವ ಕಂಠಕ್ಕೆ ಮಾತ್ರ ಅದು ಕೂಗಿ ಕರೆಯುವುದಕ್ಕೆ ಬಿಟ್ಟ ಜಾಗ.

ಕವಿ ಕರೆಯುವುದಾದರೂ ಏನೆಂದು? ಸಂಪತ್ತೆಂದಲ್ಲ, ಶೌರ್ಯವೆಂದಲ್ಲ. ಕುಲವನ್ನು ಕೇಳದ, ಹಲವರೆಂದು ಬೇರೆ ಮಾಡದ ದೊಡ್ಡತನವೆಂದು; ಮತ್ಸರವಿಲ್ಲದ ಮನಸ್ಸಿನ ಔದಾರ್ಯವೆಂದು. ಇಲ್ಲಿ ನಾವು ತುಸು ತಡೆದು ಆಲೋಚಿಸಬೇಕು. ನಾಲ್ಕು ವರ್ಷದ ಹಿಂದೆ ತನ್ನ ಪುಸ್ತಕಕ್ಕೆ ‘ನಾನೆಂಬ ಪರಕೀಯ’ ಎಂದು ಹೆಸರಿಟ್ಟವರು ಇದೇ ಕವಿ. ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಎಂಬ ಕವಿತೆ ಅವರದೇ. ಮುಸಲ್ಮಾನ ಮನೆಯಲ್ಲಿ ಹುಟ್ಟಿ, ಕನ್ನಡವನ್ನೇ ಉಸಿರಾಡಿ, ಎರಡು ಕಡೆಯೂ ಪೂರ್ತಿ ತನ್ನವನೆನ್ನಿಸಿಕೊಳ್ಳಲಾಗದ ಒಂದು ಕಷ್ಟವನ್ನು ಯಾವ ರಂಪವೂ ಇಲ್ಲದೆ ಬರೆದವರು. ಅಂಥವರು ಎರಡು ಚರಣ ನಾಡಿನ ಮಣ್ಣು, ಕಲ್ಲು, ಗರಿಗಳ ನಡುವೆ ಸಪ್ತಮಿಯಲ್ಲಿ ನಡೆದು, ಮೂರನೆಯದರಲ್ಲಿ ಸಂಬೋಧನೆಗೆ ಬರುತ್ತಾರೆ. ಅದು ಹೊಗಳಿಕೆ ಮಾತ್ರವಲ್ಲ ಎಂಬುದು ನನ್ನ ತಿಳಿವಳಿಕೆ. ನೀನು ಇಂಥವಳೆಂದು ನಂಬಿ ಕರೆಯುತ್ತಿದ್ದೇನೆ, ಇಂಥವಳಾಗಿರು ಎಂಬ ಕೇಳಿಕೆ ಅದರೊಳಗಿದೆ. ಆ ಎರಡು ಖಾಲಿ ಮಾತ್ರೆಗಳಲ್ಲಿ ನನಗೆ ಕೇಳಿಸುವುದು ಅದು.

2006ರಲ್ಲಿ ಎಪ್ಪತ್ತಮೂರನೆಯ ಸಾಹಿತ್ಯ ಸಮ್ಮೇಳನಕ್ಕೆ, ತಾವು ಪಾಠ ಹೇಳಿದ್ದ ಶಿವಮೊಗ್ಗದಲ್ಲಿಯೇ, ನಿಸಾರರು ಅಧ್ಯಕ್ಷರಾದರು. 2017ರಲ್ಲಿ ಮೈಸೂರು ದಸರೆಯನ್ನು ಉದ್ಘಾಟಿಸಿದರು. 2020ರ ಮೇ 3ರಂದು ತೀರಿಕೊಂಡರು. ಅಂದು ಎಲ್ಲ ಕಡೆಯೂ ಅವರನ್ನು ‘ನಿತ್ಯೋತ್ಸವದ ಕವಿ’ ಎಂದು ಕರೆದರು. ಗೌರವದ ಮಾತೇ. ಆದರೆ ಒಂದು ಹಾಡು ಒಬ್ಬ ಕವಿಯ ಮೇಲೆ ಹೀಗೆ ಕವಿದುಕೊಳ್ಳುವುದು ಒಳ್ಳೆಯದೆ ಎಂಬ ಪ್ರಶ್ನೆ ಹಳೆಯದು. ನವ್ಯದ ವಿಮರ್ಶಕರು ಸುಗಮ ಸಂಗೀತವನ್ನು ಅನುಮಾನದಿಂದ ಕಂಡದ್ದೂ ಇದೇ ಕಾರಣಕ್ಕೆ. ಕವಿತೆ ಓದಿ ಚಿಂತಿಸಬೇಕಾದದ್ದು, ತಲೆದೂಗಿ ಮರೆಯುವಂಥದಲ್ಲ ಎಂಬುದು ಅವರ ವಾದ. ಅಡಿಗರು ‘ಚಂಡೆಮದ್ದಳೆ’, ‘ಭೂಮಿಗೀತ’ಗಳಲ್ಲಿ ಹಾಡಲಾಗದ ಪದ್ಯವನ್ನು ಬರೆದು ತೋರಿಸಿದರು. ವಿಧಿಯ ವಿನೋದ ನೋಡಿ, ಅವರ ಆರಂಭಕಾಲದ ಒಂದು ಗೇಯಕವಿತೆ ನಾಗತಿಹಳ್ಳಿಯವರ ‘ಅಮೇರಿಕ ಅಮೇರಿಕ’ ಚಿತ್ರವನ್ನು ಹೊಕ್ಕು, ‘ಭೂಮಿಗೀತ’ದ ಹೆಸರನ್ನೂ ಕೇಳದವರ ಬಾಯಲ್ಲಿ ಅಡಿಗರನ್ನು ನೆಲೆಗೊಳಿಸಿತು. ನವ್ಯರ ವಾದದಲ್ಲಿ ಅರ್ಧ ಸತ್ಯವಿದೆ. ಹಾಡು ಮಾತನ್ನು ಮರೆಸಬಲ್ಲದು, ನಿಜ. ಆದರೆ ಆ ಎರಡು ಮಾತ್ರೆಗಳ ವಿಚಾರ ನನಗೆ ಪುಸ್ತಕದಿಂದ ಹೊಳೆಯಲಿಲ್ಲ; ಸುರುಳಿಯಿಂದ ಹೊಳೆಯಿತು. ಹಾಡು ಮರೆಸುವುದು ಕೇಳುವವನು ಅರ್ಧಕ್ಕೆ ಎದ್ದುಹೋದಾಗ.

ಹೀಗೆ ಯೋಚಿಸುತ್ತಿದ್ದಾಗಲೇ ನನ್ನ ಮಗ ದೂರದ ಬ್ರೆಜಿಲ್ ದೇಶದ ಒಂದು ಗೀತಸಂಪುಟವನ್ನು ನನಗೆ ಕೇಳಿಸಿದ. ಹೊರದೇಶದ ಹಾಡಿನಲ್ಲಿ ನನಗೆ ವಿಶೇಷ ಪರಿಶ್ರಮವಿಲ್ಲ. ಆದರೂ ಈ ಕಥೆಯಲ್ಲಿ ನಮ್ಮ ವಿಷಯಕ್ಕೆ ಹತ್ತಿರವಾದ ಅಂಶಗಳಿವೆ. ಸಂಪುಟದ ಹೆಸರು ‘ಕ್ಲೂಬಿ ದಾ ಎಸ್ಕಿನಾ’, ಎಂದರೆ ಬೀದಿಮೂಲೆಯ ಕೂಟ. ಬಂದದ್ದು 1972ರಲ್ಲಿ, ನಮ್ಮ ‘ನಾನೆಂಬ ಪರಕೀಯ’ದ ವರ್ಷವೇ. ಮಿಲ್ಟನ್ ನಾಸಿಮೆಂಟೊ, ಲೊ ಬೋರ್ಜಿಸ್ ಎಂಬ ಇಬ್ಬರು ಗಾಯಕರು, ಅವರ ಕವಿಮಿತ್ರರು, ವಾದ್ಯಗಾರರು ಬೆಲೊ ಹೊರಿಝಾಂಟೆ ನಗರದ ಒಂದು ಬೀದಿಮೂಲೆಯಲ್ಲಿ ಸೇರುತ್ತಿದ್ದರಂತೆ. ಆ ಕೂಟದ ಫಲ ಎರಡು ತಟ್ಟೆಗಳ, ಇಪ್ಪತ್ತೊಂದು ಹಾಡುಗಳ ಈ ಸಂಪುಟ. ಮುಖಚಿತ್ರದಲ್ಲಿ ಮಣ್ಣುದಾರಿಯ ಬದಿಗೆ ಕುಳಿತ ಇಬ್ಬರು ಹುಡುಗರು. ಆ ಚಿತ್ರವನ್ನು ಅಜ್ಜಂಪುರದ ಹೊರವಲಯದಲ್ಲಿ ತೆಗೆದದ್ದೆಂದರೂ ನಂಬಬಹುದು. ಅವರ ಸೀಮೆಯ ಹೆಸರು ಮಿನಾಸ್ ಜೆರಾಯಿಸ್, ಗಣಿಗಳ ನಾಡೆಂದೇ ಅದರ ಅರ್ಥ. ಕಬ್ಬಿ­ಣದ ಅದಿರಿಗೆ ಲೋಕಪ್ರಸಿದ್ಧ. ಅದಿರಿಗೂ ಹಾಡಿಗೂ ಏನೋ ಗುಟ್ಟಿನ ಸಂಬಂಧವಿರಬೇಕು! ಐವತ್ತು ವರ್ಷ ಕಳೆದು 2022ರಲ್ಲಿ ಆ ದೇಶದ ಸಂಗೀತಬಲ್ಲವರ ಒಂದು ಸಮೀಕ್ಷೆ ಬ್ರೆಜಿಲಿನ ಅತ್ಯುತ್ತಮ ಸಂಪುಟವೆಂದು ಅದನ್ನೇ ಆರಿಸಿತು.

ನಮಗೆ ಬೇಕಾದ ಅಂಶ ಅದರ ಮುಂದಿನ ವರ್ಷದ್ದು. 1964ರಿಂದ 1985ರವರೆಗೆ ಬ್ರೆಜಿಲಿನಲ್ಲಿ ಸೈನ್ಯದ ಆಡಳಿತ. 1973ರಲ್ಲಿ ನಾಸಿಮೆಂಟೊ ಇನ್ನೊಂದು ಸಂಪುಟವನ್ನು ಸಿದ್ಧಪಡಿಸಿದಾಗ ಸೆನ್ಸಾರಿನವರು ಹಲವು ಹಾಡುಗಳ ಮಾತನ್ನು ಒಪ್ಪಲಿಲ್ಲ. ಗಾಯಕ ಹಾಡನ್ನು ಕೈಬಿಡಲಿಲ್ಲ. ಮಾತಿಲ್ಲದೆ, ಬರಿಯ ಕಂಠದ ನಾದದಿಂದ, ಕೂಗಿನಿಂದ ಹಾಡಿ ಸಂಪುಟವನ್ನು ಹೊರತಂದರು. ‘ಮಿಲಾಗ್ರಿ ದುಸ್ ಪೇಯಿಶಿಸ್’, ಮೀನುಗಳ ಪವಾಡ, ಎಂದು ಅದರ ಹೆಸರು. ಕೇಳಿದವರಿಗೆ ಮಾತು ಕಳೆದುಹೋಗಿರುವುದು ಗೊತ್ತಾಗುತ್ತಿತ್ತು. ಇಲ್ಲದ ಮಾತನ್ನೇ ಅವರು ಕೇಳಿಸಿಕೊಂಡರು.

ನಮ್ಮಲ್ಲಿಯೂ 1975ರಿಂದ 1977ರವರೆಗೆ ಮಾತಿನ ಮೇಲೆ ಕಾವಲಿತ್ತು. ‘ನಿತ್ಯೋತ್ಸವ’ ಸಂಕಲನ ಬಂದದ್ದು ಆ ನಡುವೆಯೇ. ಆದರೆ ಈ ಹಾಡಿನ ಮೂರನೆಯ ಚರಣವನ್ನು ಯಾವ ಅಧಿಕಾರಿಯೂ ಹೊಡೆದುಹಾಕಲಿಲ್ಲ. ಪುಸ್ತಕದಲ್ಲಿ ಅದು ಇದೆ. ತೆಗೆದವರು ನಾವೇ. ನಾನು ಕಂಡ ರಾಜ್ಯೋತ್ಸವದ ಸಭೆಗಳಲ್ಲಿ, ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ, ಮದುವೆಯ ಆರತಕ್ಷತೆಯ ವೇದಿಕೆಗಳಲ್ಲಿ ಕೂಡ, ಹಾಡು ಮೊದಲ ಚರಣಕ್ಕೆ ನಿಲ್ಲುತ್ತದೆ, ಹೆಚ್ಚೆಂದರೆ ಎರಡನೆಯದಕ್ಕೆ. ಮುಖ್ಯ ಅತಿಥಿಗಳು ಕಾದಿದ್ದಾರೆ, ವೇಳೆಯಿಲ್ಲ. ಜೋಗವನ್ನು ಹೊಗಳಲು ವೇಳೆಯುಂಟು, ಸಿಂಹಾಸನವನ್ನು ಹೊಗಳಲು ವೇಳೆಯುಂಟು. ಕುಲವನ್ನು ಕೇಳಬೇಡ ಎನ್ನುವ ಹೊತ್ತಿಗೆ ಮಾತ್ರ ವೇಳೆ ಮುಗಿದಿರುತ್ತದೆ. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ. ಆದುದರಿಂದಲೇ ಯಾರಿಗೂ ಅದು ಗೊತ್ತಾಗುವುದಿಲ್ಲ. ಬ್ರೆಜಿಲಿನ ಶ್ರೋತೃವಿಗೆ ಗೊತ್ತಾದಂತೆ ನಮಗೆ ಆ ಚರಣದ ಖಾಲಿ ಜಾಗ ಕೇಳಿಸುವುದಿಲ್ಲ.

ಅನಂತಸ್ವಾಮಿಯವರು 1995ರ ಜನವರಿಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ಸಿ. ಅಶ್ವತ್ಥ್ ಅವರ ‘ಮೈಸೂರ ಮಲ್ಲಿಗೆ’, ಅವರೂ ಶಿವಮೊಗ್ಗ ಸುಬ್ಬಣ್ಣನವರೂ ಹಾಡಿದ ಶಿಶುನಾಳ ಶರೀಫರ ಪದಗಳು ಮನೆಮನೆಯ ಸುರುಳಿಗಳಾಗಿದ್ದವು. ದಾರಿಯನ್ನು ತೆರೆದದ್ದು 1978ರ ಆ ಡಬ್ಬಿ. ಕುವೆಂಪು ಅವರ ನಾಡಗೀತೆಗೆ ಯಾರ ಧಾಟಿ ಎಂಬ ಚರ್ಚೆ ಬಹುಕಾಲ ನಡೆದು, 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ ಗೊತ್ತುಮಾಡಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶಿಸಿತು. ‘ನಿತ್ಯೋತ್ಸವ’ಕ್ಕೆ ಅಂಥ ಆದೇಶವಿಲ್ಲ, ಬೇಕಾಗಿಯೂ ಇಲ್ಲ. ಅದನ್ನು ಎಷ್ಟು ಹೊತ್ತು ಬೇಕಾದರೂ ಹಾಡಬಹುದು.

ಕಳೆದ ಅಕ್ಟೋಬರಿನಲ್ಲಿ ನಮ್ಮೂರಿನ ಶಾಲೆಯೊಂದರ ಶಿಕ್ಷಕಿ ರಾಜ್ಯೋತ್ಸವಕ್ಕೆ ಮಕ್ಕಳಿಗೆ ಹಾಡನ್ನು ಕಲಿಸುತ್ತಿದ್ದವರು, “ಸಾರ್, ಸಾಹಿತ್ಯ ಒಂದಿಷ್ಟು ಬರೆದುಕೊಡಿ” ಎಂದು ಮನೆಗೆ ಬಂದರು. ಮೂರು ಚರಣಗಳನ್ನೂ ಪುಸ್ತಕ ನೋಡಿ ಬರೆದುಕೊಟ್ಟೆ. “ಮೂರನೆಯದೂ ಇದೆಯಾ ಸಾರ್?” ಎಂದರು. ಶಾಲೆಗೆ ಹೋಗಿ ಎರಡು ದಿನ ಮಕ್ಕಳೊಂದಿಗೆ ಕುಳಿತೆ. ಮೊದಲೆರಡು ಚರಣ ಅವರಿಗೆ ಸರಾಗವಾಗಿ ಬಂತು. ಮೂರನೆಯದರಲ್ಲಿ ಕೊನೆಯ ಎಕಾರವನ್ನು ಮೊಟಕಾಗಿ ನಿಲ್ಲಿಸಿ ಮುಂದಿನ ಸಾಲಿಗೆ ಧಾವಿಸುತ್ತಿದ್ದರು. ಕೊನೆಗೆ ಒಬ್ಬ ಹುಡುಗಿಯನ್ನು ಮೈದಾನದ ಆ ತುದಿಗೆ ಕಳಿಸಿ, ಉಳಿದವರಿಗೆ ಅವಳ ಹೆಸರು ಹಿಡಿದು ಕೂಗಲು ಹೇಳಿದೆ. ಆಮೇಲೆ ಸರಿಹೋಯಿತು.